ರೆಡ್‌ಬಸ್ ಕೈಬದಲಾದದ್ದು ಹೇಗೆ: ಸಣ್ಣ ಕಂಪನಿಯೊಂದರ ಎಕ್ಸಿಟ್, ಒಂದು ಪ್ರಕರಣ ಅಧ್ಯಯನ

2013ರ ಜೂನ್‌ನಲ್ಲಿ ಬೆಂಗಳೂರಿನ ಆನ್‌ಲೈನ್ ಬಸ್ ಟಿಕೆಟ್ ಕಂಪನಿ ರೆಡ್‌ಬಸ್ ಅನ್ನು ಐಬಿಬೊ ಗ್ರೂಪ್ ಕೊಂಡುಕೊಂಡಿತು. ಐಬಿಬೊ ಬೆನ್ನಿಗಿದ್ದದ್ದು ದಕ್ಷಿಣ ಆಫ್ರಿಕಾದ ನಾಸ್ಪರ್ಸ್ ಮತ್ತು ಚೀನಾದ ಟೆನ್ಸೆಂಟ್. ಬೆಲೆಯನ್ನು ಯಾರೂ ಅಧಿಕೃತವಾಗಿ ಬಾಯಿಬಿಡಲಿಲ್ಲ. ಪತ್ರಿಕೆಗಳು 600ರಿಂದ 800 ಕೋಟಿ ರೂಪಾಯಿ ಎಂದು ಅಂದಾಜು ಕಟ್ಟಿದವು. ಏಳು ವರ್ಷ ಹಿಂದೆ ಮೂವರು ಎಂಜಿನಿಯರುಗಳು ಸುಮಾರು 5 ಲಕ್ಷ ರೂಪಾಯಿ ಉಳಿತಾಯ ಹಾಕಿ ಶುರುಮಾಡಿದ ಕಂಪನಿ ಅದು. ಸಹಜವಾಗಿಯೇ ಆಗ ಎಲ್ಲರ ಮಾತೂ ಆ ಮೊತ್ತದ ಸುತ್ತ ತಿರುಗಿತು.

ಸ್ವಂತ ಕಂಪನಿ ನಡೆಸುವವರಿಗೆ ಆ ಮೊತ್ತದಿಂದ ಕಲಿಯುವುದು ಕಡಿಮೆ. ಮಾರುವ ನಿರ್ಧಾರ ನಿಜಕ್ಕೂ ಯಾವಾಗ ಆಯಿತು, ಆ ಹೊತ್ತಿಗೆ ಬೇರೆ ಯಾವ ದಾರಿಗಳು ಉಳಿದಿದ್ದವು, ಬಂದ ಹಣ ಯಾವ ಕ್ರಮದಲ್ಲಿ ಹಂಚಿಕೆಯಾಗುತ್ತದೆ ಎನ್ನುವುದರಲ್ಲಿ ಕಲಿಯುವುದು ಹೆಚ್ಚು. ನನ್ನ ವಾದ ಇಷ್ಟು: ರೆಡ್‌ಬಸ್‌ನ ಎಕ್ಸಿಟ್, ಅಂದರೆ ಸ್ಥಾಪಕರೂ ಹೂಡಿಕೆದಾರರೂ ಪಾಲು ಮಾರಿ ಹೊರಬರುವುದು, 2013ರಲ್ಲಿ ಹುಟ್ಟಿದ್ದಲ್ಲ. 2007ರಲ್ಲಿ ಮೊದಲ ವೆಂಚರ್ ಫಂಡ್‌ನ (ಹೊಸ ಕಂಪನಿಗಳಲ್ಲಿ ಪಾಲು ಕೊಳ್ಳುವ ಹೂಡಿಕೆ ಸಂಸ್ಥೆಯ) ಚೆಕ್ ಕೈಗೆ ಬಂದ ದಿನವೇ ಅದರ ದಿಕ್ಕು ತೀರ್ಮಾನವಾಗಿತ್ತು. ಉಳಿದ ಆರು ವರ್ಷ ನಡೆದದ್ದು, ಕೇಳಿದವರಿಗೆ ಕೊಡಬಹುದಾದ ಸ್ಥಿತಿಯಲ್ಲಿ ಕಂಪನಿಯನ್ನು ಇಟ್ಟುಕೊಳ್ಳುವ ಕೆಲಸ.

ಸೀಟು ಯಾರ ಪುಸ್ತಕದಲ್ಲಿತ್ತು

ಕಥೆಯ ಆರಂಭ ಬಹಳ ಜನರಿಗೆ ಗೊತ್ತು. 2005ರ ದೀಪಾವಳಿಗೆ ಊರಿಗೆ ಹೋಗಲು ಫಣೀಂದ್ರ ಸಾಮಾ ಅವರಿಗೆ ಬೆಂಗಳೂರಿನಲ್ಲಿ ಬಸ್ ಟಿಕೆಟ್ ಸಿಗಲಿಲ್ಲ. ಆಗ ಅವರು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನಲ್ಲಿದ್ದರು. ಬಿಟ್ಸ್ ಪಿಲಾನಿಯ ಗೆಳೆಯರಾದ ಚರಣ್ ಪದ್ಮರಾಜು ಹನಿವೆಲ್‌ನಲ್ಲಿ, ಸುಧಾಕರ್ ಪಸುಪುನೂರಿ ಐಬಿಎಂನಲ್ಲಿ. ಹಬ್ಬದ ಸೀಟು ಸಿಗದ ಅನುಭವ ಬೆಂಗಳೂರಿನಲ್ಲಿ ಯಾರಿಗಿಲ್ಲ? ಇವರು ಮಾತ್ರ ಸೀಟು ನಿಜವಾಗಿಯೂ ಖಾಲಿಯಾಗಿತ್ತೇ, ಅಥವಾ ಎಲ್ಲಿ ಉಳಿದಿದೆ ಎಂದು ಏಜೆಂಟನಿಗೆ ಗೊತ್ತಿರಲಿಲ್ಲವೇ ಎಂದು ವಿಚಾರಿಸಲು ಹೊರಟರು.

ಕಲಾಸಿಪಾಳ್ಯ, ಆನಂದರಾವ್ ಸರ್ಕಲ್, ಮಡಿವಾಳದ ಕಡೆ ಟ್ರಾವೆಲ್ಸ್ ಆಫೀಸುಗಳನ್ನು ಆ ಕಾಲದಲ್ಲಿ ಕಂಡವರಿಗೆ ನೆನಪಿರುತ್ತದೆ. ಏಜೆಂಟ್ ಫೋನ್ ಮಾಡುತ್ತಾನೆ, ಆಫೀಸಿನಲ್ಲಿದ್ದವರು ಚಾರ್ಟ್ ನೋಡಿ ಸೀಟಿನ ಮೇಲೆ ಗುರುತು ಹಾಕುತ್ತಾರೆ. ಒಬ್ಬ ಏಜೆಂಟನಿಗೆ ತನಗೆ ಪರಿಚಯದ ನಾಲ್ಕಾರು ಟ್ರಾವೆಲ್ಸ್‌ನವರ ಸೀಟು ಮಾತ್ರ ಗೊತ್ತು. ಒಂದು ಊರಿಗೆ ಒಂದು ರಾತ್ರಿ ಒಟ್ಟು ಎಷ್ಟು ಸೀಟು ಉಳಿದಿದೆ ಎನ್ನುವುದು ಯಾರಿಗೂ ಕಾಣುತ್ತಿರಲಿಲ್ಲ. ಸರ್ಕಾರಿ ಬಸ್ಸಿನಲ್ಲಿ ಈ ತೊಂದರೆ ಅಷ್ಟಿಲ್ಲ, ಮಾಲೀಕ ಒಬ್ಬನೇ. ಕೆಎಸ್‌ಆರ್‌ಟಿಸಿ ತನ್ನದೇ ‘ಅವತಾರ್’ ಮುಂಗಡ ಬುಕಿಂಗ್ ವ್ಯವಸ್ಥೆ ಕಟ್ಟಿಕೊಂಡಿತು. ಖಾಸಗಿ ಬಸ್ಸುಗಳ ವಿಷಯ ಬೇರೆ: ಸಾವಿರಾರು ಮಾಲೀಕರು, ಸಾವಿರಾರು ಪುಸ್ತಕಗಳು.

ಈ ಮೂವರು ಮೊದಲು ಬಸ್ ಮಾಲೀಕರಿಗಾಗಿ ಸಾಫ್ಟ್‌ವೇರ್ ಬರೆದರು. ಮಾಲೀಕರಿಗೆ ಬೇಕಾಗಿರಲಿಲ್ಲ. ಆಮೇಲೆ ದಾರಿ ತಿರುಗಿಸಿ, 2006ರಲ್ಲಿ ತಾವೇ ಪ್ರಯಾಣಿಕರಿಗೆ ಟಿಕೆಟ್ ಮಾರಲು ಶುರುಮಾಡಿದರು. ಮಾರಾಟ ಬೆಳೆದಾಗ ಮಾಲೀಕರು ತಾವಾಗಿಯೇ ಸಾಫ್ಟ್‌ವೇರ್ ಕೇಳಿದರು. ಮಾಲೀಕರ ಆಫೀಸಿಗೆ ‘ಬಾಸ್’, ಏಜೆಂಟರಿಗೆ ‘ಸೀಟ್‌ಸೆಲ್ಲರ್’ ಹೀಗೆ ಬಂದವು.

ಎಕ್ಸಿಟ್ ವಿಷಯದಲ್ಲಿ ಈ ‘ಬಾಸ್’ ದೊಡ್ಡ ಪಾತ್ರ. ವೆಬ್‌ಸೈಟ್ ಕಟ್ಟುವುದು ಹಣವಿದ್ದವರಿಗೆ ಕಷ್ಟವಲ್ಲ. ಆದರೆ ಬಸ್ ಮಾಲೀಕನ ಮೇಜಿನ ಮೇಲೆ ನಿಮ್ಮ ಸಾಫ್ಟ್‌ವೇರ್ ಕೂತಿದ್ದರೆ, ಅವನ ಸೀಟಿನ ಲೆಕ್ಕ ಅದರಲ್ಲೇ ನಡೆಯುತ್ತಿದ್ದರೆ, ಇನ್ನೊಬ್ಬ ಬಂದು ಅದನ್ನು ಎಬ್ಬಿಸುವುದು ಕಷ್ಟ. ಕೊಳ್ಳುವವನು ಹಣ ಕೊಡುವುದು ಇಂಥದ್ದಕ್ಕೆ. ನಮ್ಮಲ್ಲಿ ಅನೇಕ ಸ್ಥಾಪಕರು ಬಳಕೆದಾರರ ಸಂಖ್ಯೆ ತೋರಿಸಿ ಬೆಲೆ ಕೇಳುತ್ತಾರೆ. ದುಡ್ಡಿದ್ದವನು ಎರಡು ವರ್ಷ ಕೆಲಸ ಮಾಡಿದರೂ ಕಟ್ಟಲಾಗದ್ದು ನಿಮ್ಮ ಬಳಿ ಏನಿದೆ ಎಂಬ ಪ್ರಶ್ನೆಗೆ ಉತ್ತರ ಕೊಡುವವರು ಕಡಿಮೆ.

ಆ ಚೆಕ್ಕಿನ ಹಿಂದಿನ ಗಡಿಯಾರ

2007ರಲ್ಲಿ ಸೀಡ್‌ಫಂಡ್ ಎಂಬ ವೆಂಚರ್ ಫಂಡ್ ಹಣ ಹಾಕಿತು. ಮುಂದಿನ ಸುತ್ತುಗಳಲ್ಲಿ ಇನ್ವೆಂಟಸ್ ಕ್ಯಾಪಿಟಲ್, ಹೀಲಿಯನ್ ವೆಂಚರ್ ಸೇರಿದವು. ಇಂದಿನ ಲೆಕ್ಕದಲ್ಲಿ ನೋಡಿದರೆ ಏಳು ವರ್ಷದಲ್ಲಿ ರೆಡ್‌ಬಸ್ ಎತ್ತಿದ ಒಟ್ಟು ಬಂಡವಾಳ ತೀರಾ ಸಣ್ಣದು. ಇದಕ್ಕೆ ಮತ್ತೆ ಬರುತ್ತೇನೆ.

ವೆಂಚರ್ ಫಂಡ್ ಹಾಕುವುದು ತನ್ನ ಸ್ವಂತ ಹಣವಲ್ಲ. ಫಂಡ್‌ಗೂ ಅದರದೇ ಹೂಡಿಕೆದಾರರಿದ್ದಾರೆ. ಸಾಮಾನ್ಯವಾಗಿ ಇಂಥ ಫಂಡ್‌ನ ಆಯುಸ್ಸು ಏಳರಿಂದ ಹತ್ತು ವರ್ಷ. ಮೊದಲ ಮೂರು ನಾಲ್ಕು ವರ್ಷ ಹೂಡುತ್ತಾರೆ, ಉಳಿದ ವರ್ಷಗಳಲ್ಲಿ ಹಣ ವಾಪಸು ತರಬೇಕು. ಸೀಡ್‌ಫಂಡ್ ಶುರುವಾದದ್ದು 2006ರಲ್ಲಿ. 2013 ಎಂದರೆ ಏಳನೇ ವರ್ಷ. ಒಳಗಿನ ಮಾತುಕತೆ ಹೇಗೆ ನಡೆಯಿತು ಎಂಬುದರ ಕಥೆ ನಾನು ಕಟ್ಟುವುದಿಲ್ಲ. ಆದರೆ ಕ್ಯಾಲೆಂಡರ್ ಒಂದನ್ನೇ ನೋಡಿದರೂ, ಆ ಹೊತ್ತಿಗೆ ಯಾವುದಾದರೂ ಫಂಡ್ ‘ಇನ್ನು ಐದು ವರ್ಷ ಕಾಯೋಣ’ ಎಂದಿದ್ದರೆ ಅದು ಆಶ್ಚರ್ಯದ ಮಾತಾಗುತ್ತಿತ್ತು.

ಹಾಗಾಗಿ ಫಂಡ್‌ನಿಂದ ಹಣ ಪಡೆಯುವ ಮುನ್ನ ಕೇಳಬೇಕಾದ ಒಂದು ಸರಳ ಪ್ರಶ್ನೆ: ಈ ಫಂಡ್ ಯಾವ ವರ್ಷದ್ದು, ಯಾವ ವರ್ಷ ಮುಚ್ಚುತ್ತದೆ? ವ್ಯಾಲ್ಯುಯೇಷನ್‌ಗಾಗಿ, ಅಂದರೆ ಕಂಪನಿಗೆ ಕಟ್ಟುವ ಬೆಲೆಗಾಗಿ, ವಾರಗಟ್ಟಲೆ ಜಗ್ಗಾಡುವವರು ಇದನ್ನು ಕೇಳುವುದೇ ಇಲ್ಲ. ಹೊಸ ಫಂಡ್‌ನ ಮೊದಲ ವರ್ಷದಲ್ಲಿ ಹಣ ಬಂದರೆ ನಿಮಗೆ ಎಂಟು ವರ್ಷ ಸಮಯ. ಅದೇ ಫಂಡ್‌ನ ನಾಲ್ಕನೇ ವರ್ಷದಲ್ಲಿ ಬಂದರೆ ಐದೇ ವರ್ಷ. ಮೊತ್ತ ಒಂದೇ ಆದರೂ ಇವು ಎರಡು ಬೇರೆ ಬೇರೆ ಒಪ್ಪಂದಗಳು.

ಮನೆಯವರ ದುಡ್ಡು, ಸ್ನೇಹಿತರ ದುಡ್ಡು, ಬ್ಯಾಂಕ್ ಸಾಲದಲ್ಲಿ ನಡೆಯುವ ಕಂಪನಿಗೆ ಈ ಗಡಿಯಾರವಿಲ್ಲ. ಹುಬ್ಬಳ್ಳಿಯಲ್ಲೋ ಮಂಗಳೂರಲ್ಲೋ ವರ್ಷಕ್ಕೆ ಒಂದೂವರೆ ಕೋಟಿ ಲಾಭ ಮಾಡುತ್ತಾ ಹಾಯಾಗಿ ಇಪ್ಪತ್ತು ವರ್ಷ ನಡೆಯುವ ಸಾಫ್ಟ್‌ವೇರ್ ಕಂಪನಿ ಸೋತ ಕಂಪನಿಯೇನಲ್ಲ. ಅದಕ್ಕೆ ಎಕ್ಸಿಟ್ ಯೋಚನೆ ಬೇಕಾಗುವುದು ಮಕ್ಕಳು ಬೇರೆ ದಾರಿ ಹಿಡಿದಾಗ, ಪಾಲುದಾರರ ಮನಸ್ಸು ಮುರಿದಾಗ, ಇಲ್ಲವೇ ಆರೋಗ್ಯ ಕೈಕೊಟ್ಟಾಗ. ವೆಂಚರ್ ಹಣ ತೆಗೆದುಕೊಂಡವರಿಗೆ ಮಾತ್ರ ಎಕ್ಸಿಟ್ ಒಂದು ಕರಾರು.

ಕಾಗದದಲ್ಲಿ ಏನಿರುತ್ತದೆ

ಷೇರುದಾರರ ಒಪ್ಪಂದದಲ್ಲಿ ಎಕ್ಸಿಟ್‌ಗೆ ಸಂಬಂಧಿಸಿದ ಮೂರು ನಾಲ್ಕು ಷರತ್ತುಗಳಿರುತ್ತವೆ. ರೆಡ್‌ಬಸ್‌ನ ಒಪ್ಪಂದ ಖಾಸಗಿ ಕಾಗದ, ಆದ್ದರಿಂದ ಇದು ಸಾಮಾನ್ಯ ಪದ್ಧತಿಯ ಮಾತು.

ಡ್ರ್ಯಾಗ್ ಅಲಾಂಗ್ ಎಂದರೆ, ನಿರ್ದಿಷ್ಟ ಪಾಲಿನ ಷೇರುದಾರರು ಮಾರಲು ಒಪ್ಪಿದರೆ ಉಳಿದವರೂ ಅದೇ ಬೆಲೆಗೆ ಮಾರಲೇಬೇಕು. ಸ್ಥಾಪಕನಿಗೆ ಇಷ್ಟವಿರಲಿ ಬಿಡಲಿ. ಟ್ಯಾಗ್ ಅಲಾಂಗ್ ಇದರ ತಿರುಗು: ದೊಡ್ಡವರು ಮಾರುವಾಗ ಸಣ್ಣವರಿಗೂ ಅದೇ ದರದಲ್ಲಿ ಹೊರಹೋಗುವ ಹಕ್ಕು. ಮೂರನೆಯದು ಲಿಕ್ವಿಡೇಷನ್ ಪ್ರಿಫರೆನ್ಸ್: ಮಾರಾಟದ ಹಣದಲ್ಲಿ ಹೂಡಿಕೆದಾರ ಎಲ್ಲರಿಗಿಂತ ಮೊದಲು ಪಡೆಯುವ ಹಕ್ಕು. ಸ್ಥಾಪಕರ ಕನಸಿನ ಲೆಕ್ಕ ತಪ್ಪುವುದು ಹೆಚ್ಚಾಗಿ ಇಲ್ಲೇ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

ಒಂದು ಕಲ್ಪಿತ ಕಂಪನಿ ತೆಗೆದುಕೊಳ್ಳಿ. ಹೂಡಿಕೆದಾರ 10 ಕೋಟಿ ಹಾಕಿ 30% ಪಾಲು ಪಡೆದಿದ್ದಾನೆ. ಷರತ್ತು: ಮಾರಾಟವಾದರೆ ಮೊದಲು ತನ್ನ 10 ಕೋಟಿ ತೆಗೆದುಕೊಳ್ಳಬಹುದು, ಅಥವಾ ಅದನ್ನು ಬಿಟ್ಟು 30% ಪಾಲು ತೆಗೆದುಕೊಳ್ಳಬಹುದು, ಎರಡರಲ್ಲಿ ಯಾವುದು ಹೆಚ್ಚೋ ಅದು. ಕಂಪನಿ 60 ಕೋಟಿಗೆ ಹೋದರೆ ಅವನು 30% ಆರಿಸಿ 18 ಕೋಟಿ ಪಡೆಯುತ್ತಾನೆ, ಉಳಿದವರಿಗೆ 42 ಕೋಟಿ. ಇದು ಎಲ್ಲರೂ ಮನಸ್ಸಿನಲ್ಲಿ ಹಾಕಿಕೊಂಡಿರುವ ಲೆಕ್ಕ. ಅದೇ ಕಂಪನಿ 12 ಕೋಟಿಗೆ ಹೋದರೆ? ಅವನು 10 ಕೋಟಿ ಎತ್ತಿಕೊಳ್ಳುತ್ತಾನೆ. 70% ಪಾಲಿದ್ದ ಸ್ಥಾಪಕರಿಗೂ ಉದ್ಯೋಗಿಗಳಿಗೂ ಸೇರಿ ಉಳಿಯುವುದು 2 ಕೋಟಿ. ತಿರುಗುವ ಬಿಂದು 33 ಕೋಟಿ ಚಿಲ್ಲರೆ. ಅದಕ್ಕಿಂತ ಕೆಳಗೆ ಮಾರಿದರೆ ನಿಮ್ಮ 70% ಎಂಬುದು ಬರೀ ಕಾಗದದ ಮೇಲಿನ ಅಂಕಿ.

ಇನ್ನೊಂದು ಬಗೆಯ ಷರತ್ತು ಇದಕ್ಕಿಂತ ಬಿಗಿ: ಮೊದಲು 10 ಕೋಟಿ, ಆಮೇಲೆ ಉಳಿದದ್ದರಲ್ಲೂ 30%. 60 ಕೋಟಿಯ ಮಾರಾಟದಲ್ಲಿ ಹೂಡಿಕೆದಾರನಿಗೆ 25 ಕೋಟಿ, ಉಳಿದವರಿಗೆ 35. ಒಂದು ಸಾಲಿನ ವ್ಯತ್ಯಾಸಕ್ಕೆ 7 ಕೋಟಿ. ಟರ್ಮ್ ಶೀಟ್‌ಗೆ (ಹೂಡಿಕೆಯ ಮುಖ್ಯ ಷರತ್ತುಗಳ ಪತ್ರಕ್ಕೆ) ಸಹಿ ಮಾಡುವ ಸಂಭ್ರಮದಲ್ಲಿ ಈ ಸಾಲನ್ನು ವಕೀಲರಿಗೆ ಬಿಟ್ಟು ಕೇಕ್ ಕತ್ತರಿಸಲು ಹೋಗುವವರಿದ್ದಾರೆ.

ಈಗ ರೆಡ್‌ಬಸ್‌ನ ಸಣ್ಣ ಬಂಡವಾಳಕ್ಕೆ ಬರೋಣ. ಕಡಿಮೆ ಹಣ ಎತ್ತಿದ ಕಂಪನಿಯಲ್ಲಿ ಹೂಡಿಕೆದಾರರಿಗೆ ಮೊದಲು ಹೋಗಬೇಕಾದ ಮೊತ್ತ ಸಣ್ಣದು. ಮಾರಾಟದ ಬೆಲೆ ಅದರ ಹತ್ತಾರು ಪಟ್ಟು ಇದ್ದರೆ ಪ್ರಿಫರೆನ್ಸ್ ಷರತ್ತಿಗೆ ಕೆಲಸವೇ ಇಲ್ಲ, ಎಲ್ಲರೂ ತಮ್ಮ ಪಾಲಿನ ಪ್ರಕಾರ ಪಡೆಯುತ್ತಾರೆ. ಅದಕ್ಕಿಂತ ಮುಖ್ಯ, ಕೊಳ್ಳುವವರ ಸಂಖ್ಯೆ ಹೆಚ್ಚುತ್ತದೆ. ನೂರಾರು ಕೋಟಿ ಎತ್ತಿದ ಕಂಪನಿಯನ್ನು ಇನ್ನೂರು ಕೋಟಿಗೆ ಮಾರಲು ಹೂಡಿಕೆದಾರರು ಒಪ್ಪುವುದಿಲ್ಲ. ಇಪ್ಪತ್ತು ಕೋಟಿ ಎತ್ತಿದ ಕಂಪನಿಗೆ ಇನ್ನೂರು ಕೋಟಿ ಹಬ್ಬ. ಎಕ್ಸಿಟ್ ಯೋಜನೆ ಎಂದರೆ ನನ್ನ ಪ್ರಕಾರ ಮೊದಲಿಗೆ ಇದೇ: ಪ್ರತಿ ಸುತ್ತಿನ ಹಣವೂ ಕೆಳಗಿನ ಕೆಲವು ಬೆಲೆಗಳನ್ನು ನಿಮ್ಮ ಪಾಲಿಗೆ ಮುಚ್ಚಿಹಾಕುತ್ತದೆ ಎಂದು ತಿಳಿದು ಹಣ ಎತ್ತುವುದು.

2013ರಲ್ಲಿ ಉಳಿದಿದ್ದ ದಾರಿಗಳು

ಷೇರು ಮಾರುಕಟ್ಟೆಗೆ ಹೋಗುವುದು ಒಂದು ದಾರಿ. ಆಗಿನ ಕಾಲಕ್ಕೆ ಅದು ಹೆಸರಿಗೆ ಮಾತ್ರ. ಬಿಎಸ್‌ಇ, ಎನ್‌ಎಸ್‌ಇಗಳ ಸಣ್ಣ ಕಂಪನಿಗಳ ವೇದಿಕೆ ಶುರುವಾದದ್ದೇ 2012ರಲ್ಲಿ, ಅದೂ ಬೇರೆ ಬಗೆಯ ಕಂಪನಿಗಳಿಗೆ. ಟಿಕೆಟ್ ಮಾರುವ ಇಂಟರ್ನೆಟ್ ಕಂಪನಿಗೆ ಮುಖ್ಯ ಮಾರುಕಟ್ಟೆಯಲ್ಲಿ ಬೆಲೆ ಕಟ್ಟುವವರು ವಿರಳ. ಪ್ರತಿಸ್ಪರ್ಧಿಯಾದ ಹೈದರಾಬಾದಿನ ಅಭಿಬಸ್ ಮುಂದೆ 2021ರಲ್ಲಿ ಪ್ರಯಾಣ ಬುಕಿಂಗ್ ಕಂಪನಿ ಇಕ್ಸಿಗೊ ಕೈಸೇರಿತು, ಇಕ್ಸಿಗೊ ಷೇರು ಮಾರುಕಟ್ಟೆಗೆ ಬಂದದ್ದು 2024ರ ಜೂನ್‌ನಲ್ಲಿ. ಅಂದರೆ ಆ ಬಾಗಿಲು ಸರಿಯಾಗಿ ತೆರೆಯಲು ಇನ್ನೂ ಹತ್ತು ವರ್ಷ ಬೇಕಿತ್ತು.

ಹಳೆಯ ಹೂಡಿಕೆದಾರರ ಪಾಲನ್ನು ದೊಡ್ಡ ಫಂಡ್‌ಗೆ ಮಾರುವುದು ಎರಡನೆಯದು. ಇದರಲ್ಲಿ ಸ್ಥಾಪಕರು ಉಳಿಯುತ್ತಾರೆ, ಆದರೆ ಗಡಿಯಾರ ಮತ್ತೆ ಸೊನ್ನೆಯಿಂದ ಓಡುತ್ತದೆ. ಹೊಸಬನಿಗೆ ಹತ್ತು ಪಟ್ಟು ಬೇಕು. ಕಂಪನಿಯೇ ಷೇರು ಮರುಖರೀದಿ ಮಾಡುವ ದಾರಿಗೆ ಕಾನೂನಿನ ಮಿತಿ ಇದೆ: ಪಾವತಿಯಾದ ಬಂಡವಾಳ ಮತ್ತು ಮುಕ್ತ ಮೀಸಲಿನ 25% ಮೀರುವಂತಿಲ್ಲ. ಬೆಳೆಯುವ ಹಂತದ ಕಂಪನಿಯ ಬಳಿ ಅಷ್ಟು ನಗದು ಇರುವುದೂ ಅಪರೂಪ.

ಉಳಿದದ್ದು, ಇದೇ ವ್ಯಾಪಾರದಲ್ಲಿರುವ ದೊಡ್ಡ ಕಂಪನಿಗೆ ಮಾರುವುದು. ಐಬಿಬೊ ಬಳಿ ಗೋಐಬಿಬೊ ಇತ್ತು: ವಿಮಾನ, ಹೋಟೆಲ್. ವಿಮಾನ ಟಿಕೆಟ್‌ನಲ್ಲಿ ಸ್ಪರ್ಧೆ ತೀವ್ರ, ಉಳಿಯುವ ಕಮಿಷನ್ ತೆಳು. ಬಸ್ ಟಿಕೆಟ್‌ನಲ್ಲಿ ಮಾಲೀಕರು ಚದುರಿದ್ದಾರೆ, ಒಬ್ಬೊಬ್ಬರನ್ನೂ ಹಿಡಿದು ತರುವ ಕೆಲಸ ಯಾರೋ ಆಗಲೇ ಮಾಡಿ ಮುಗಿಸಿದ್ದಾರೆ. ಒಂದು ಬಸ್ ಆಫೀಸಿನಿಂದ ಇನ್ನೊಂದಕ್ಕೆ ತಿರುಗಾಡಿ ಏಳು ವರ್ಷ ಕಳೆಯುವ ಬದಲು ಚೆಕ್ ಬರೆಯುವುದು ನಾಸ್ಪರ್ಸ್‌ನಂಥವರಿಗೆ ಅಗ್ಗ.

ಇಂಥ ಖರೀದಿದಾರ ಮಾರಾಟದ ವರ್ಷದಲ್ಲಿ ಏಕಾಏಕಿ ಸಿಗುವುದಿಲ್ಲ. ನಿಮ್ಮನ್ನು ಕೊಳ್ಳಬಹುದಾದ ಐದಾರು ಕಂಪನಿಗಳು ಯಾವುವು ಎಂದು ಎರಡನೇ ವರ್ಷದಲ್ಲೇ ಬರೆದಿಟ್ಟುಕೊಂಡು, ಅವರ ಜೊತೆ ಏನಾದರೂ ಸಣ್ಣ ವ್ಯವಹಾರ ನಡೆಸುತ್ತಿರಬೇಕು. ಅವರ ಸೈಟಿನಲ್ಲಿ ನಿಮ್ಮ ಮಾಲು ಮಾರಾಟವಾಗುತ್ತಿದ್ದರೆ ನಿಮ್ಮ ಲೆಕ್ಕ ಅವರಿಗೆ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಬ್ರೋಕರ್ ಹಿಡಿದು ಎಲ್ಲೆಡೆ ‘ಮಾರಾಟಕ್ಕಿದೆ’ ಎಂದು ಸುದ್ದಿ ಹಬ್ಬಿಸಿದರೆ ಮೊದಲು ಹೋಗುವವರು ಒಳ್ಳೆಯ ಉದ್ಯೋಗಿಗಳು, ಆಮೇಲೆ ಗ್ರಾಹಕರು.

ಲೆಕ್ಕ ಪರಿಶೀಲನೆಯಲ್ಲಿ ಬೀಳುವ ಬೆಲೆ

ಮಾತುಕತೆಯಲ್ಲಿ ಒಪ್ಪಿದ ಬೆಲೆ ಮೊದಲ ಬೆಲೆ ಮಾತ್ರ. ಆಮೇಲೆ ಖರೀದಿದಾರನ ಕಡೆಯ ಸಿಎ, ವಕೀಲರು ಬಂದು ಕಪಾಟು ತೆರೆಸುತ್ತಾರೆ. ಟಿಕೆಟ್ ವ್ಯಾಪಾರದಲ್ಲಿ ಅವರು ನೋಡುವ ಮೊದಲ ಪ್ರಶ್ನೆ: 1,000 ರೂಪಾಯಿ ಟಿಕೆಟ್ ಮಾರಿದರೆ ನಿಮ್ಮ ಆದಾಯ 1,000 ಎಂದು ಬರೆದಿದ್ದೀರೋ, ನಿಮ್ಮ ಕಮಿಷನ್ ಮಾತ್ರವೋ? ಪ್ರಯಾಣಿಕ ಕೊಟ್ಟ ಹಣದ ಬಹುಪಾಲು ಬಸ್ ಮಾಲೀಕನದು, ನಿಮ್ಮ ಖಾತೆಯಲ್ಲಿ ಅದು ಅತಿಥಿ. ಆ ಹಣವನ್ನು ಸಂಬಳಕ್ಕೆ ತಿರುಗಿಸಿಕೊಂಡು ನಡೆಸಿದ್ದರೆ ಅಲ್ಲೇ ಬೆಲೆ ಕುಸಿಯುತ್ತದೆ.

ಸಣ್ಣ ಕಂಪನಿಗಳಲ್ಲಿ ಎಡವುವ ಜಾಗ ಬಹುಮಟ್ಟಿಗೆ ಒಂದೇ ಥರ. ಸಾಫ್ಟ್‌ವೇರಿನ ಹಕ್ಕು ಕಂಪನಿಯ ಹೆಸರಿನಲ್ಲಿ ಇರುವುದಿಲ್ಲ; ಕಂಪನಿ ನೋಂದಣಿಗೆ ಮುಂಚೆ ಸ್ಥಾಪಕ ಬರೆದ ಕೋಡ್, ಫ್ರೀಲಾನ್ಸರ್ ಹುಡುಗ ಬರೆದ ಕೋಡ್ ಯಾವ ಕಾಗದವೂ ಇಲ್ಲದೆ ಓಡುತ್ತಿರುತ್ತದೆ. ಡೊಮೈನ್ ಹೆಸರು ಯಾವನೋ ಗೆಳೆಯನ ಇಮೇಲ್‌ನಲ್ಲಿ. ಪಿಎಫ್ ತುಂಬಿಲ್ಲ. ಮೊದಲ ತಿಂಗಳುಗಳಲ್ಲಿ ಸಹಾಯ ಮಾಡಿ ಬಿಟ್ಟುಹೋದ ನಾಲ್ಕನೆಯ ಗೆಳೆಯನಿಗೆ 5% ಕೊಡುತ್ತೇನೆಂದು ವಾಟ್ಸಾಪ್‌ನಲ್ಲಿ ಬರೆದದ್ದು ಹಾಗೇ ಇದೆ. ಇವೆಲ್ಲ ಮೊದಲ ವರ್ಷದಲ್ಲಿ ಅರ್ಧ ದಿನದ ಕೆಲಸ. ಮಾರಾಟದ ವಾರದಲ್ಲಿ ಆ ನಾಲ್ಕನೆಯ ಗೆಳೆಯನ ಸಹಿಗೆ ಬೆಲೆ ಬಂದುಬಿಡುತ್ತದೆ.

ಒಪ್ಪಂದದ ಪೂರ್ತಿ ಹಣ ಒಂದೇ ದಿನ ಕೈಗೆ ಬರುವುದೂ ಇಲ್ಲ. ಮುಂದೆ ಹಳೆಯ ತೆರಿಗೆ ಬಾಕಿ, ಕೇಸು ಏನಾದರೂ ಎದ್ದರೆ ಎಂದು ಒಂದು ಪಾಲನ್ನು ಎಸ್ಕ್ರೋ ಖಾತೆಯಲ್ಲಿ (ಮೂರನೆಯವರ ಕೈಯಲ್ಲಿರುವ ಖಾತೆಯಲ್ಲಿ) ಕಟ್ಟಿಹಾಕುತ್ತಾರೆ. ಇನ್ನೊಂದು ಪಾಲು ‘ಎರಡು ವರ್ಷ ಇಂತಿಷ್ಟು ಮಾರಾಟ ಮಾಡಿದರೆ’ ಎಂಬ ಷರತ್ತಿಗೆ. ಖರೀದಿದಾರ ವಿದೇಶಿಯಾದರೆ ಈಗಿನ ಫೆಮಾ (ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ) ನಿಯಮದಂತೆ ತಡೆಹಿಡಿಯುವ ಪಾಲು 25% ಮೀರಬಾರದು, 18 ತಿಂಗಳೊಳಗೆ ತೀರಿಸಬೇಕು. ಆಮೇಲೆ ತೆರಿಗೆ: ಷೇರು ಮಾರುಕಟ್ಟೆಯ ಪಟ್ಟಿಯಲ್ಲಿಲ್ಲದ ಕಂಪನಿಯ ಷೇರು 24 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡು ಮಾರಿದರೆ 2024ರ ಜುಲೈ 23ರಿಂದ ಲಾಭದ ಮೇಲೆ 12.5%, ಸರ್‌ಚಾರ್ಜ್ ಬೇರೆ. 24 ತಿಂಗಳು ತುಂಬಿರದಿದ್ದರೆ ಮಾಮೂಲಿ ಆದಾಯದ ಸ್ಲ್ಯಾಬ್ ದರ. ಸ್ಥಾಪಕರ ಷೇರುಗಳನ್ನು ತಡವಾಗಿ ಹಂಚಿಕೊಂಡವರಿಗೆ ಈ ದಿನಾಂಕ ದುಬಾರಿ.

ಷೇರು ಮಾರುವ ಬದಲು ವ್ಯಾಪಾರವನ್ನಷ್ಟೇ ಎತ್ತಿ ಕೊಡುವುದೂ ಉಂಟು. ಬಸ್ಸಿನ ಲೋಕದಿಂದಲೇ ಉದಾಹರಣೆ ಬೇಕಾದರೆ, ಹುಬ್ಬಳ್ಳಿಯ ವಿಆರ್‌ಎಲ್ ಲಾಜಿಸ್ಟಿಕ್ಸ್ ತನ್ನ ಪ್ರಯಾಣಿಕ ಬಸ್ ವಿಭಾಗವನ್ನು 230 ಕೋಟಿಗೆ ವಿಜಯಾನಂದ ಟ್ರಾವೆಲ್ಸ್‌ಗೆ ಬಿಟ್ಟುಕೊಟ್ಟಿತು. ಅದು ಅದೇ ಪ್ರವರ್ತಕರ ಕಂಪನಿ, ಲಾರಿ ವ್ಯಾಪಾರ ಮೂಲ ಕಂಪನಿಯಲ್ಲೇ ಉಳಿಯಿತು. ಹಳೆಯ ಹೊಣೆಗಳ ಭಯವಿರುವ ಖರೀದಿದಾರರು ಸಾಮಾನ್ಯವಾಗಿ ಈ ದಾರಿ ಕೇಳುತ್ತಾರೆ.

ಮಾರಿದ ಮೇಲೆ ಏನು ಮಾಡಬಾರದು

ಕಂಪನಿ ಕೊಂಡವನು ಸ್ಥಾಪಕನಿಂದ ಇನ್ನೊಂದು ಮಾತು ಬರೆಸಿಕೊಳ್ಳುತ್ತಾನೆ: ಇಷ್ಟು ವರ್ಷ ಇದೇ ವ್ಯಾಪಾರಕ್ಕೆ ಇಳಿಯುವುದಿಲ್ಲ. ಉದ್ಯೋಗ ಬಿಟ್ಟವನ ಮೇಲೆ ಇಂಥ ನಿರ್ಬಂಧ ಹೇರಿದರೆ ಭಾರತೀಯ ಕರಾರು ಕಾಯ್ದೆಯ 27ನೇ ಕಲಂ ಪ್ರಕಾರ ಅದು ಊರ್ಜಿತವಲ್ಲ. ಆದರೆ ವ್ಯಾಪಾರದ ಹೆಸರು, ಗುಡ್‌ವಿಲ್ ಸಹಿತ ಮಾರಿದವನಿಗೆ ಅದೇ ಕಲಂ ವಿನಾಯಿತಿ ಕೊಡುತ್ತದೆ. ಮಿತಿಗಳು ನ್ಯಾಯವಾಗಿದ್ದರೆ ನಿರ್ಬಂಧ ನಿಲ್ಲುತ್ತದೆ.

ಕನ್ನಡದ ಓದುಗರಿಗೆ ಇದರ ಒಳ್ಳೆಯ ಉದಾಹರಣೆ ಸ್ಟಾರ್ಟಪ್ ಲೋಕದ ಹೊರಗಿದೆ. ವಿಜಯ ಸಂಕೇಶ್ವರ ಅವರು ವಿಜಯ ಕರ್ನಾಟಕವನ್ನು 2006ರಲ್ಲಿ ಟೈಮ್ಸ್ ಸಮೂಹಕ್ಕೆ ಮಾರಿದರು. ಐದು ವರ್ಷ ಪತ್ರಿಕೆ ನಡೆಸಬಾರದೆಂಬ ಷರತ್ತಿತ್ತು ಎಂಬುದು ಆಗಲೇ ಎಲ್ಲರ ಬಾಯಲ್ಲಿದ್ದ ಮಾತು. ವಿಜಯವಾಣಿ ಬಂದದ್ದು 2012ರಲ್ಲಿ. ಮಾರಿದವನಿಗೆ ಆ ಕಸುಬಿನ ಮೇಲಿನ ಹಸಿವು ಇನ್ನೂ ತೀರಿಲ್ಲ ಎಂದಾದರೆ, ಬೆಲೆಯಷ್ಟೇ ಗಟ್ಟಿಯಾಗಿ ಈ ವರ್ಷಗಳ ಮೇಲೂ ಚೌಕಾಸಿ ಮಾಡಬೇಕು. ಮೂವತ್ತೈದರ ಸ್ಥಾಪಕನಿಗೆ ಐದು ವರ್ಷ ಎಂದರೆ ಕಸುವಿನ ಕಾಲದ ದೊಡ್ಡ ತುಂಡು.

ಫಣೀಂದ್ರ ಮಾರಾಟದ ಮರುವರ್ಷ, 2014ರಲ್ಲಿ ರೆಡ್‌ಬಸ್‌ನಿಂದ ಹೊರಬಂದರು. 2018ರಲ್ಲಿ ತೆಲಂಗಾಣ ಸರ್ಕಾರದ ಮೊದಲ ಮುಖ್ಯ ನಾವೀನ್ಯತಾ ಅಧಿಕಾರಿಯಾದರು. ಕಂಪನಿ ಅವರಿಲ್ಲದೆಯೂ ಓಡಿತು. ಸ್ಥಾಪಕನ ಮನಸ್ಸಿಗೆ ಅದು ಹೇಗಿರುತ್ತದೋ, ಖರೀದಿದಾರನ ಕಣ್ಣಿಗೆ ಮಾತ್ರ ಅದಕ್ಕಿಂತ ದೊಡ್ಡ ಗುಣವಿಲ್ಲ. ಪ್ರತಿ ದೊಡ್ಡ ಗ್ರಾಹಕನೂ ನಿಮ್ಮ ಮೊಬೈಲ್‌ಗೇ ಫೋನ್ ಮಾಡುತ್ತಿದ್ದರೆ ನೀವು ಮಾರುತ್ತಿರುವುದು ಕಂಪನಿಯನ್ನಲ್ಲ, ನಿಮ್ಮ ಮುಂದಿನ ಮೂರು ವರ್ಷದ ನೌಕರಿಯನ್ನು.

ಉದ್ಯೋಗಿಗಳ ಪಾಲು

ಮಾರಾಟದ ಸುದ್ದಿ ಬಂದ ದಿನ ಕಂಪನಿಯಲ್ಲಿರುವ ಪ್ರತಿಯೊಬ್ಬನೂ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತಾನೆ: ನನಗೆಷ್ಟು? ಇಸಾಪ್ (ಉದ್ಯೋಗಿಗಳ ಷೇರು ಯೋಜನೆ) ಎಂದು ಕೊಟ್ಟ ಪತ್ರ ಷೇರಲ್ಲ, ಮುಂದೆ ಷೇರು ಕೊಳ್ಳುವ ಹಕ್ಕು. ಕೊಟ್ಟ ದಿನದಿಂದ ಹಕ್ಕು ಕೈಸೇರಲು ಕಾನೂನಿನಂತೆ ಕನಿಷ್ಠ ಒಂದು ವರ್ಷ, ರೂಢಿಯಲ್ಲಿ ನಾಲ್ಕು ವರ್ಷ. ಎರಡನೇ ವರ್ಷದಲ್ಲಿ ಕಂಪನಿ ಮಾರಾಟವಾದರೆ ಉಳಿದ ಅರ್ಧ ಏನಾಗುತ್ತದೆ? ಆ ದಿನವೇ ಪೂರ್ತಿ ಕೈಸೇರುತ್ತದೋ, ಖರೀದಿದಾರನ ಯೋಜನೆಗೆ ಬದಲಾಗುತ್ತದೋ, ರದ್ದಾಗುತ್ತದೋ ಎಂಬುದು ಇಸಾಪ್ ಯೋಜನೆಯ ಪಠ್ಯದಲ್ಲಿ ಬರೆದಿರಬೇಕು. ಕಂಪನಿ ಬಿಟ್ಟವರು ತೊಂಬತ್ತು ದಿನದೊಳಗೆ ಹಣ ಕಟ್ಟಿ ಷೇರು ಪಡೆಯಬೇಕು ಎಂಬ ಷರತ್ತು ಅನೇಕ ಕಡೆ ಇರುತ್ತದೆ. ಮೊದಲ ವರ್ಷಗಳಲ್ಲಿ ಕಡಿಮೆ ಸಂಬಳಕ್ಕೆ ದುಡಿದು ಆಮೇಲೆ ಬಿಟ್ಟುಹೋದವರು ಬರಿಗೈಯಲ್ಲಿ ಉಳಿಯುವುದು ಹೀಗೆ.

ಇದರಲ್ಲಿ ನನ್ನದು ಕಠಿಣ ಅಭಿಪ್ರಾಯ. ಸ್ಥಾಪಕನಿಗೆ ಮಾರಾಟದ ದಿನ ಉದ್ಯೋಗಿಗಳ ಪರ ಚೌಕಾಸಿ ಮಾಡುವ ಶಕ್ತಿ ಬಹಳ ಕಡಿಮೆ. ಮೇಜಿನ ಎರಡೂ ಕಡೆಯವರಿಗೆ ಆ ಮೊತ್ತ ತಮ್ಮ ಪಾಲಿನಿಂದ ಹೋಗುವ ಖರ್ಚು. ಬರೆಯುವುದಾದರೆ ಇಸಾಪ್ ಯೋಜನೆ ಮಾಡುವ ದಿನವೇ ಬರೆಯಬೇಕು. ‘ಆಮೇಲೆ ನೋಡಿಕೊಳ್ಳೋಣ, ನಮ್ಮ ಹುಡುಗರಲ್ಲವೇ’ ಎಂಬ ಮಾತು ಹೇಳಿದವರ ಮನಸ್ಸಿನಲ್ಲಿ ಪ್ರಾಮಾಣಿಕವಾಗಿಯೇ ಇರಬಹುದು, ಆದರೆ ಖರೀದಿದಾರನ ವಕೀಲನಿಗೆ ಅದು ಓದಲು ಬರುವುದಿಲ್ಲ.

ಬೇಗ ಮಾರಿದರೇ?

ರೆಡ್‌ಬಸ್ ಬಗ್ಗೆ ಈಗಲೂ ಕೇಳುವ ಪ್ರಶ್ನೆ ಇದು. ಐಬಿಬೊ ಪೂರ್ತಿಯಾಗಿ ಮೇಕ್‌ಮೈಟ್ರಿಪ್‌ಗೆ ಸೇರುವ ಒಪ್ಪಂದ 2016ರ ಅಕ್ಟೋಬರ್‌ನಲ್ಲಿ ಆಯಿತು, 2017ರ ಜನವರಿಯಲ್ಲಿ ಮುಗಿಯಿತು. ಅದರಲ್ಲಿ ನಾಸ್ಪರ್ಸ್‌ಗೆ ಮೇಕ್‌ಮೈಟ್ರಿಪ್‌ನ 40% ಪಾಲು ಸಿಕ್ಕಿತು. 2019ರಲ್ಲಿ ನಾಸ್ಪರ್ಸ್ ಆ ಪಾಲನ್ನು ಚೀನಾದ ಸಿಟ್ರಿಪ್‌ನ ಷೇರುಗಳಿಗೆ ಬದಲಾಯಿಸಿಕೊಂಡು ತಾನೂ ಹೊರನಡೆಯಿತು. ರೆಡ್‌ಬಸ್ ಮಲೇಷ್ಯಾ, ಸಿಂಗಪುರ, ಇಂಡೊನೇಷ್ಯಾ, ಪೆರು, ಕೊಲಂಬಿಯಾಗಳಿಗೂ ಹೋಯಿತು. ಇದನ್ನೆಲ್ಲ ಇಟ್ಟುಕೊಂಡು ‘2013ರ ಬೆಲೆ ಕಡಿಮೆಯಾಯಿತು’ ಎನ್ನುವುದು ಸುಲಭ.

ನಾನು ಒಪ್ಪುವುದಿಲ್ಲ. ಪೆರುವಿಗೆ ಹೋದದ್ದು ನಾಸ್ಪರ್ಸ್ ಹಣ ಬೆನ್ನಿಗಿದ್ದ ರೆಡ್‌ಬಸ್. ಅದೇ ಹಣ ಪ್ರತಿಸ್ಪರ್ಧಿಯೊಬ್ಬನ ಬೆನ್ನಿಗೆ ಹೋಗಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಬೆಂಗಳೂರಿನಲ್ಲೇ ಸಾಕ್ಷಿ ಇದೆ. ರಘುನಂದನ್ ಜಿ. ಮತ್ತು ಅಪ್ರಮೇಯ ರಾಧಾಕೃಷ್ಣ 2011ರಲ್ಲಿ ಕಟ್ಟಿದ ಟ್ಯಾಕ್ಸಿಫಾರ್‌ಶೂರ್ ಚೆನ್ನಾಗಿಯೇ ಓಡುತ್ತಿತ್ತು. 2014ರ ಅಕ್ಟೋಬರ್‌ನಲ್ಲಿ ಓಲಾಗೆ ಜಪಾನಿನ ಸಾಫ್ಟ್‌ಬ್ಯಾಂಕ್ ಮುಂದಾಳತ್ವದಲ್ಲಿ 21 ಕೋಟಿ ಡಾಲರ್ ಬಂತು. ಐದೇ ತಿಂಗಳಲ್ಲಿ, 2015ರ ಮಾರ್ಚ್‌ನಲ್ಲಿ, ಟ್ಯಾಕ್ಸಿಫಾರ್‌ಶೂರ್ ಅನ್ನು ಓಲಾ ನಗದು ಮತ್ತು ಷೇರು ಸೇರಿ 20 ಕೋಟಿ ಡಾಲರ್‌ಗೆ ಕೊಂಡಿತು. 2016ರ ಆಗಸ್ಟ್‌ನಲ್ಲಿ ಟ್ಯಾಕ್ಸಿಫಾರ್‌ಶೂರ್ ಬಾಗಿಲೇ ಮುಚ್ಚಿತು. ಹಾಗಿದ್ದೂ ಅದು ಸರಿಯಾದ ಹೊತ್ತಿಗೆ ಮಾಡಿದ ಮಾರಾಟ ಎಂದೇ ನಾನು ನೋಡುತ್ತೇನೆ. ಬಾಗಿಲು ತೆರೆದಿರುವಾಗ ಹೊರಬಂದರು.

ಅದೇ ಅಪ್ರಮೇಯ, ರೆಡ್‌ಬಸ್‌ನ ಆರಂಭದ ತಂಡದಲ್ಲಿದ್ದ ಮಯಾಂಕ್ ಬಿದಾವತ್ಕಾ ಜೊತೆ ಸೇರಿ ಕಟ್ಟಿದ್ದು ‘ಕೂ’. ಮೊದಲು ಕನ್ನಡದಲ್ಲೇ ಶುರುವಾದ, ಟ್ವಿಟರ್ ಮಾದರಿಯ ಆ್ಯಪ್ ಅದು. 6 ಕೋಟಿ ಡಾಲರ್‌ಗೂ ಹೆಚ್ಚು ಬಂಡವಾಳ ಎತ್ತಿತ್ತು. ಮುಂದಿನ ಸುತ್ತಿನ ಹಣ ಬರದೆ, ಸುದ್ದಿ ಆ್ಯಪ್ ಡೈಲಿಹಂಟ್ ಜೊತೆಗಿನ ವಿಲೀನದ ಮಾತುಕತೆಯೂ ಮುರಿದು, 2024ರ ಜುಲೈನಲ್ಲಿ ನಿಂತುಹೋಯಿತು. ಅನುಭವ ಕಡಿಮೆ ಇತ್ತು ಎನ್ನುವಂತಿಲ್ಲ; ಇಬ್ಬರೂ ಮಾರಾಟ ಎಂದರೇನೆಂದು ಒಳಗಿನಿಂದ ಕಂಡವರು. ಟಿಕೆಟ್ ಮಾರುವ ಕಂಪನಿಗೆ ಪ್ರತಿದಿನ ಕಮಿಷನ್ ಬರುತ್ತದೆ, ಆದ್ದರಿಂದ ಮಾತುಕತೆ ಮುರಿದರೆ ಮುಂದಿನ ತಿಂಗಳೂ ಅಂಗಡಿ ತೆರೆಯಬಹುದು. ಆದಾಯವಿಲ್ಲದ ಕಂಪನಿ ಮಾತುಕತೆಗೆ ಕೂತಾಗ ಎದುರಿನವನಿಗೆ ಅದರ ಬ್ಯಾಂಕ್ ಬ್ಯಾಲೆನ್ಸ್ ಲೆಕ್ಕ ಹಾಕಲು ಬರುತ್ತದೆ. ಅವನು ಸುಮ್ಮನೆ ಕಾಯುತ್ತಾನೆ.

ಮಾರಾಟದ ಮಾತು ಶುರುಮಾಡುವಾಗ ಕನಿಷ್ಠ ಒಂದು ವರ್ಷದ ಖರ್ಚಿಗೆ ಆಗುವಷ್ಟು ಹಣ ಕೈಯಲ್ಲಿರಬೇಕು ಎಂದು ನಾನು ಹೇಳುವುದು ಇದಕ್ಕೇ. ಮೊದಲ ಭೇಟಿಯಿಂದ ಬ್ಯಾಂಕಿಗೆ ಹಣ ಬೀಳುವವರೆಗೆ ಆರೇಳು ತಿಂಗಳು ಹಿಡಿಯುವುದು ಮಾಮೂಲು, ಅರ್ಧದಲ್ಲಿ ಮುರಿಯುವುದೂ ಮಾಮೂಲು.

ಕೊನೆಯ ದಾರಿಗೂ ಕಾಗದ ಬೇಕು

ಯಾರೂ ಕೊಳ್ಳದಿದ್ದರೆ ಮುಚ್ಚುವುದೂ ಒಂದು ಎಕ್ಸಿಟ್ಟೇ, ಮತ್ತು ಬಹುಪಾಲು ಸಣ್ಣ ಕಂಪನಿಗಳಿಗೆ ಅದೇ ದಾರಿ. ಬಾಕಿಯಿಲ್ಲದ, ವ್ಯವಹಾರ ನಿಲ್ಲಿಸಿದ ಕಂಪನಿ ಎಸ್‌ಟಿಕೆ-2 ಎಂಬ ನಮೂನೆಯಲ್ಲಿ ಅರ್ಜಿ ಹಾಕಿ ಕಂಪನಿಗಳ ನೋಂದಣಿಯಿಂದ ಹೆಸರು ತೆಗೆಸಬಹುದು. ಇದಕ್ಕಾಗಿ 2023ರಿಂದ ಸಿ-ಪೇಸ್ ಎಂಬ ಪ್ರತ್ಯೇಕ ಕೇಂದ್ರವೇ ಇದೆ. ಆಸ್ತಿ ಇದ್ದು, ಸಾಲ ಪೂರ್ತಿ ತೀರಿಸುವ ಶಕ್ತಿ ಇದ್ದರೆ ದಿವಾಳಿ ಸಂಹಿತೆಯ 59ನೇ ಕಲಂನ ಸ್ವಯಂ ಸಮಾಪನ. ಬೀಗ ಹಾಕಿ ಮರೆತುಬಿಟ್ಟ ಕಂಪನಿಗೆ ವಾರ್ಷಿಕ ಫೈಲಿಂಗ್ ತಪ್ಪಿದ ದಂಡ ದಿನದ ಲೆಕ್ಕದಲ್ಲಿ ಬೆಳೆಯುತ್ತದೆ, ಮೂರು ವರ್ಷ ಸತತ ತಪ್ಪಿದರೆ ನಿರ್ದೇಶಕರು ಅನರ್ಹರಾಗುತ್ತಾರೆ. ಆಮೇಲೆ ಹೊಸ ಕಂಪನಿಯಲ್ಲೂ ಅವರು ಐದು ವರ್ಷ ನಿರ್ದೇಶಕರಾಗುವಂತಿಲ್ಲ.

ರೆಡ್‌ಬಸ್‌ನಷ್ಟು ದೊಡ್ಡದಾಗದ, ಈಗ ಎರಡೋ ಮೂರೋ ವರ್ಷ ತುಂಬಿರುವ ಕಂಪನಿಗೆ ಈ ಪ್ರಕರಣದಿಂದ ನಾನು ಎತ್ತಿಕೊಡುವುದು ಒಂದು ಸಂಜೆಯ ಕೆಲಸ. ಪಾಲುದಾರರು ಒಟ್ಟಿಗೆ ಕೂತು, ಒಬ್ಬರಿಗೊಬ್ಬರು ತೋರಿಸದೆ, ಯಾವ ಬೆಲೆಗೆ ಮಾರಲು ಒಪ್ಪುತ್ತೀರಿ, ಮಾರಿದ ಮೇಲೆ ಎಷ್ಟು ವರ್ಷ ಅಲ್ಲೇ ದುಡಿಯಲು ಸಿದ್ಧ ಎಂದು ಬೇರೆ ಬೇರೆ ಚೀಟಿಯಲ್ಲಿ ಬರೆಯಿರಿ. ಒಬ್ಬ 5 ಕೋಟಿ ಎಂದು, ಇನ್ನೊಬ್ಬ 100 ಕೋಟಿ ಎಂದು ಬರೆದಿದ್ದರೆ ಹೊಸ ಹೂಡಿಕೆದಾರನನ್ನು ಭೇಟಿಯಾಗುವ ಮುನ್ನ ಆ ಅಂತರ ಇತ್ಯರ್ಥವಾಗಬೇಕು. ಒಬ್ಬ ಇನ್ನೊಬ್ಬನ ಷೇರು ಯಾವ ಸೂತ್ರದಲ್ಲಿ ಕೊಳ್ಳಬಹುದು ಎಂಬುದನ್ನೂ ಅದೇ ಸಂಜೆ ಬರೆದು, ಸಿಎ ಮುಂದೆ ಸಹಿ ಹಾಕಿ ಷೇರುದಾರರ ಒಪ್ಪಂದಕ್ಕೆ ಸೇರಿಸಿ.